ಸ್ಟೋರ್ ರೂಮಿನ ಭವಿಷ್ಯವಾಣಿ

‘ಬರೆದಿಟ್ಕೊಳ್ಳಿ’ ಎನ್ನುವ ಮಾತು ನನ್ನ ಬಾಯಿಗೆ ಯಾವಾಗ ಬಂದು ಕೂತಿತೋ ನೆನಪಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ರುಚಿ ನೋಡದೆಯೇ ಹೇಳಿ, ಕೊನೆಗೆ ‘ಬರೆದಿಟ್ಕೊಳ್ಳಿ’ ಅನ್ನುತ್ತೇನೆ. ಎದುರು ಮನೆಯವರು ಈ ವರ್ಷ ಕಾರು ಬದಲಿಸುತ್ತಾರೆ, ಬರೆದಿಟ್ಕೊಳ್ಳಿ. ಈ ಬುಟ್ಟಿಯ ಮಾವಿನಹಣ್ಣೆಲ್ಲ ಹುಳಿ, ಬರೆದಿಟ್ಕೊಳ್ಳಿ. ನೈರೋಬಿಗೆ ಬಂದು ಹನ್ನೊಂದು ವರ್ಷವಾಯಿತು. ಬರುವಾಗ ವಿಮಾನ ನಿಲ್ದಾಣದಲ್ಲಿ ನೆಂಟರನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ‘ಎರಡೇ ವರ್ಷ, ಆಮೇಲೆ ವಾಪಸ್, ಬರೆದಿಟ್ಕೊಳ್ಳಿ’ ಎಂದವಳು ನಾನೇ. ಪುಣ್ಯಕ್ಕೆ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಜನರ ಮರೆವಿನ ಮೇಲೆಯೇ ನನ್ನಂಥವರ ಮರ್ಯಾದೆ ನಿಂತಿದೆ.

ಈ ಗುಣ ನಮ್ಮ ರುಕ್ಮಿಣತ್ತೆಯ ಬಳುವಳಿ ಎಂದು ನನ್ನ ಗುಮಾನಿ. ರುಕ್ಮಿಣತ್ತೆ ನಮ್ಮಪ್ಪನ ಅಕ್ಕ. ಮೈಸೂರಿನಲ್ಲಿ ನಮ್ಮ ಜೊತೆಗೇ ಇದ್ದರು. ನಡುಮನೆಯ ಕಿಟಕಿಯ ಪಕ್ಕ ಮೊರ ಹಿಡಿದು ಅಕ್ಕಿ ಆರಿಸುತ್ತ, ಬೀದಿಯಲ್ಲಿ ಹೋಗುವ ಪ್ರತಿಯೊಬ್ಬರ ಮುಂದಿನ ಹತ್ತು ವರ್ಷವನ್ನು ಹೇಳಿಬಿಡುತ್ತಿದ್ದರು. ಕರೆಂಟು ಹೋದರೆ ‘ಕುಕ್ಕರು ಕೂಗಿ ಮುಗಿಯೋದ್ರೊಳಗೆ ಬರತ್ತೆ’ ಎನ್ನುವರು. ಬಾರದಿದ್ದರೆ ‘ಇನ್ನೂ ಕೂಗ್ಲಿ ತಾಳೇ’ ಎನ್ನುವರು. ಅತ್ತೆಯ ಭವಿಷ್ಯ ಒಂದೂ ಸುಳ್ಳಾದದ್ದಿಲ್ಲ. ಯಾಕೆಂದರೆ ಅವರು ಯಾವುದಕ್ಕೂ ಗಡುವು ಹಾಕುತ್ತಿರಲಿಲ್ಲ. ಗಡುವಿಲ್ಲದ ಭವಿಷ್ಯ ತಪ್ಪಾಗುವುದಕ್ಕೆ ಅವಕಾಶವೇ ಇಲ್ಲ, ತಡವಾಗುತ್ತದೆ ಅಷ್ಟೆ.

ಒಂದೇ ಒಂದು ಸಲ ಅವರು ಸಿಕ್ಕಿಬಿದ್ದಿದ್ದರು. ‘ಇವನು ಜನ್ಮದಲ್ಲಿ ಸ್ಕೂಟರ್ ಕಲಿಯಲ್ಲ’ ಎಂದು ಅಪ್ಪನ ಬಗ್ಗೆ, ಅಪ್ಪನ ಎದುರಿಗೇ, ನೆಂಟರ ನಡುವೆ ಹೇಳಿದ್ದರು. ಅಪ್ಪ ಪಕ್ಕದ ಮನೆಯವರ ಸ್ಕೂಟರ್ ಕೇಳಿ ಪಡೆದು, ಮೈದಾನದಲ್ಲಿ ಹದಿನೈದು ದಿನ ಬಿದ್ದು ಎದ್ದು, ಮೊಣಕೈ ಪೂರ್ತಿ ತರಚಿಕೊಂಡು, ಒಂದು ಭಾನುವಾರ ಬೆಳಿಗ್ಗೆ ನಮ್ಮ ಕಿಟಕಿಯ ಮುಂದೆ ಮೂರು ಸುತ್ತು ಹೊಡೆದರು. ಅತ್ತೆ ಮೊರದಿಂದ ತಲೆ ಎತ್ತಿ ನೋಡಿದರು. ‘ನಾನು ಹಾಗಂದಿದ್ದಕ್ಕೇ ಕಣೋ ನೀನು ಕಲಿತಿದ್ದು’ ಎಂದರು. ಅಪ್ಪನ ಮುಖದಲ್ಲಿದ್ದ ನಗು ಅಲ್ಲಿಗೇ ಇಳಿದುಹೋಯಿತು. ಆಮೇಲೆ ಅವರು ಸ್ಕೂಟರ್ ಮುಟ್ಟಿದ್ದನ್ನು ನಾನು ನೋಡಲಿಲ್ಲ. ಆಗ ನನಗೆ ಒಂಬತ್ತು ವರ್ಷ. ಅತ್ತೆಯ ಚುರುಕು ಉತ್ತರವನ್ನು ಮೆಚ್ಚಿ ಚಪ್ಪಾಳೆ ತಟ್ಟಿದ್ದೆ.

ಇಂಥ ಮನೆತನದ ನಾನು ಅಮೆರಿಕದ ಆಟಗಳ ಭವಿಷ್ಯ ಹೇಳುವವಳಾಗಿದ್ದು ಒಂದು ಡಬ್ಬದ ದೆಸೆಯಿಂದ. ಕಿಲಿಮಾನಿಯಲ್ಲಿರುವ ನಮ್ಮ ಆಫೀಸು ಹಳ್ಳಿಗಳಿಗೆ ಕುಡಿಯುವ ನೀರು ಒದಗಿಸುವ ಸಂಸ್ಥೆ. ನನ್ನದು ವರದಿಗಳನ್ನು ತಿದ್ದುವ ಕೆಲಸ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟದ ಡಬ್ಬವನ್ನು ಎಲ್ಲೋ ಮರೆತು ಹುಡುಕುತ್ತ ಸ್ಟೋರ್ ರೂಮಿಗೆ ಹೋದೆ. ನೀರಿನ ಫಿಲ್ಟರುಗಳ ಪೆಟ್ಟಿಗೆಗಳ ನಡುವೆ ಇಬ್ಬರು ಗಂಡಸರು ಒಂದು ಮೈಕಿನ ಎದುರು ಕೂತು ಜಗಳವಾಡುತ್ತಿದ್ದರು. ಒಬ್ಬ ಗ್ಲೆನ್. ನಮ್ಮ ಇಂಜಿನಿಯರು, ಆರಡಿ ಮೀರಿದ ಅಮೆರಿಕದ ಆಳು, ರುಂಡಾ ಬಡಾವಣೆಯ ದೊಡ್ಡ ಮನೆಯಲ್ಲಿ ಒಬ್ಬನೇ ಇದ್ದು ಊರಿನ ಆಟಗಳಿಗಾಗಿ ಹಂಬಲಿಸುವವನು. ಇನ್ನೊಬ್ಬ ಓಟಿಯೆನೊ. ಕಿಸುಮು ಕಡೆಯವನು, ಕಂಪ್ಯೂಟರ್ ವಿಭಾಗದ ಮುಖ್ಯಸ್ಥ, ಬ್ಯಾಸ್ಕೆಟ್‌ಬಾಲ್ ಎಂದರೆ ಊಟ ಬಿಡುವವನು. ಇಬ್ಬರೂ ಸೇರಿ ಅಮೆರಿಕದ ನಾಲ್ಕು ದೊಡ್ಡ ಆಟಗಳ ಬಗ್ಗೆ ವಾರಕ್ಕೊಂದು ಪಾಡ್‌ಕಾಸ್ಟ್ ಮಾಡುತ್ತಿದ್ದರು. ಯಾರು ಗೆಲ್ಲುತ್ತಾರೆ, ಯಾರು ಸೋಲುತ್ತಾರೆ, ಯಾರ ಕೋಚ್ ಮನೆಗೆ ಹೋಗುತ್ತಾನೆ ಎಂದು ಮೊದಲೇ ಹೇಳುವುದೇ ಅದರ ಹೂರಣ.

ಆ ದಿನ ಜಗಳ ತೀರುವ ಹಾಗೆ ಕಾಣಲಿಲ್ಲ. ಗ್ಲೆನ್ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, “ನೀನೇ ಹೇಳು ವೀಜೇ, ಈ ಹಸಿರು ಅಂಗಿಯವರಾ, ಈ ಬಿಳಿ ಅಂಗಿಯವರಾ?” ಎಂದ. ನನ್ನ ಹೆಸರು ವೈಜಯಂತಿ. ಅಷ್ಟುದ್ದಕ್ಕೆ ಅವನ ಉಸಿರು ಸಾಲದು.

ಪರದೆಯ ಮೇಲೆ ಹಸಿರು ತಂಡದ ಕೋಚ್ ನಿಂತಿದ್ದ. ಮದುವೆಯ ದಿನ ಅಡಿಗೆಯವರು ಬಂದಿಲ್ಲವೆಂದು ಗೊತ್ತಾದ ಹೆಣ್ಣಿನ ತಂದೆಯ ಮುಖ. “ಹಸಿರು ಸೋಲತ್ತೆ, ಬರೆದಿಟ್ಕೊಳ್ಳಿ” ಎಂದು ಇಂಗ್ಲಿಷಿನಲ್ಲಿ ಹೇಳಿ, ಅಲ್ಲೇ ಇದ್ದ ನನ್ನ ಡಬ್ಬ ಎತ್ತಿಕೊಂಡು ಬಂದೆ.

ಹಸಿರು ಸೋತಿತು. ಮುಂದಿನ ವಾರದಿಂದ ಸ್ಟೋರ್ ರೂಮಿನಲ್ಲಿ ಮೂರನೆಯ ಕುರ್ಚಿ ಬಿತ್ತು.

ನನಗೆ ಈ ಆಟಗಳ ಗಂಧಗಾಳಿ ಇರಲಿಲ್ಲ ಎಂದು ಹೇಳಿಕೊಳ್ಳಲು ಸಂಕೋಚವೇನಿಲ್ಲ. ಅವರ ಫುಟ್‌ಬಾಲಿನಲ್ಲಿ ಚೆಂಡನ್ನು ಎದೆಗವಚಿಕೊಂಡು, ಬಸ್ಸಿನಲ್ಲಿ ಕೈಚೀಲ ಕಾಪಾಡುವ ಹಾಗೆ ಓಡುತ್ತಾರೆ. ಬೇಸ್‌ಬಾಲ್ ಎಂದರೆ ನಮ್ಮ ಚಿನ್ನಿದಾಂಡು ಕಾಲೇಜಿಗೆ ಹೋಗಿ ಡಿಗ್ರಿ ಮಾಡಿಕೊಂಡು ಬಂದಂತೆ. ಐಸ್ ಹಾಕಿಯಲ್ಲಿ ಚೆಂಡೇ ಇಲ್ಲ, ಕೊಬ್ಬರಿ ಮಿಠಾಯಿಯಷ್ಟು ಒಂದು ಕಪ್ಪು ಬಿಲ್ಲೆ, ಅದು ಎಲ್ಲಿದೆಯೆಂದು ನನಗೆ ಇವತ್ತಿಗೂ ಕಂಡಿಲ್ಲ. ಬ್ಯಾಸ್ಕೆಟ್‌ಬಾಲ್ ಒಂದೇ ಕಣ್ಣಿಗೆ ಅರ್ಥವಾಗುವ ಆಟ. ಆದರೂ ನಾನು ಹಿಂಜರಿದವಳಲ್ಲ. ಗ್ಲೆನ್ ಅಂಕಿಅಂಶ ಓದುತ್ತಿದ್ದ, ಓಟಿಯೆನೊ ಆಟಗಾರರ ಮೊಣಕಾಲು ನೋವಿನ ಚರಿತ್ರೆ ಹೇಳುತ್ತಿದ್ದ, ನಾನು ಮುಖ ನೋಡಿ ಹೇಳುತ್ತಿದ್ದೆ. ಮೊದಲ ವರ್ಷದ ಕೊನೆಗೆ ಮೂವರಲ್ಲಿ ನನ್ನದೇ ಹೆಚ್ಚು ಸರಿಯಾಗಿತ್ತು. ಸೋತ ಗ್ಲೆನ್ ಇಡೀ ಆಫೀಸಿಗೆ ಮಂದಾಜಿ ತರಿಸಿದ. ಇಲ್ಲಿಯ ಎಣ್ಣೆಯಲ್ಲಿ ಕರಿದ ಆ ಸಿಹಿ ಬನ್ನು ನನ್ನ ಬಾಯಿಗೆ ಅವತ್ತು ಮೈಸೂರುಪಾಕಿನಷ್ಟು ರುಚಿಸಿತು.

ಸರಿತಪ್ಪು ಗೊತ್ತಾಗುತ್ತಿದ್ದದ್ದು ವಿಮರ್ಶೆಯ ಸಂಚಿಕೆಯಿಂದ. ಅದು ಗ್ಲೆನ್ ಮಾಡಿದ ಏರ್ಪಾಡು. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಬೇಸ್‌ಬಾಲ್ ಮುಗಿದ ಮೇಲೆ ಒಂದು ಶನಿವಾರ ಬೆಳಿಗ್ಗೆ ಕೂತು, ನಾವು ಹೇಳಿದ್ದನ್ನೆಲ್ಲ ನಮ್ಮದೇ ದನಿಯಲ್ಲಿ ಕೇಳಬೇಕು. ಪ್ರತಿಯೊಂದು ಭವಿಷ್ಯಕ್ಕೂ ಗಡುವು ಇರಬೇಕು. ಮೈಕಿಗೆ ಬಿದ್ದ ಯಾವ ಮಾತನ್ನೂ ಬಿಡುವಂತಿಲ್ಲ. ಸರಿಯಾದರೆ ಒಂದು, ತಪ್ಪಾದರೆ ಸೊನ್ನೆ. ರುಕ್ಮಿಣತ್ತೆ ಇದ್ದಿದ್ದರೆ ಆ ಕೋಣೆಗೆ ಕಾಲಿಡುತ್ತಿರಲಿಲ್ಲ.

ಎರಡನೆಯ ವರ್ಷ, ಜನವರಿಯ ಒಂದು ಸಂಚಿಕೆಯಲ್ಲಿ ಮಾತು ಸಪ್ಪೆಯಾಗಿತ್ತು. ಗ್ಲೆನ್‌ಗೆ ನೆಗಡಿ, ಓಟಿಯೆನೊನ ತಂಡ ಸೋತು ಅವನು ಮೌನ. ತುಂಬಿಸಲು ಇನ್ನೂ ಐದು ನಿಮಿಷ ಉಳಿದಿತ್ತು. ನಾನು ನಗಿಸಲು ಹೊರಟೆ. ಇಂಗ್ಲಿಷಿನಲ್ಲಿ ಆಡಿದ್ದನ್ನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ: “ಒಂದು ಬೋನಸ್ ಭವಿಷ್ಯ ಕೇಳಿ. ನನ್ನ ಮಗಳು ಇಂಚರ ಈ ವಾರ ಸ್ಕೂಲಿನ ಬ್ಯಾಸ್ಕೆಟ್‌ಬಾಲ್ ತಂಡ ಸೇರಿದ್ದಾಳೆ. ಇದಕ್ಕೆ ಮುಂಚೆ ಪಿಟೀಲು ಎರಡು ತಿಂಗಳು, ಈಜು ಆರು ವಾರ, ಕರಾಟೆಗೆ ಬಟ್ಟೆ ತಂದ ಮೇಲೆ ಮೂರೇ ಕ್ಲಾಸು. ಈಸ್ಟರ್ ರಜೆಯೊಳಗೆ ಇದೂ ಮುಗಿಯುತ್ತೆ. ಬರೆದಿಟ್ಕೊಳ್ಳಿ.” ಇಬ್ಬರೂ ಬಿದ್ದು ಬಿದ್ದು ನಕ್ಕರು. ಗ್ಲೆನ್‌ಗೆ ನಕ್ಕು ಕೆಮ್ಮು ಹತ್ತಿತು. ನನಗೂ ಖುಷಿಯಾಯಿತು. ಮನೆಗೆ ಬರುವ ಹೊತ್ತಿಗೆ ಮರೆತೂ ಬಿಟ್ಟೆ.

ಇಂಚರಳಿಗೆ ಆಗ ಹದಿನಾಲ್ಕು. ನೈರೋಬಿಯಲ್ಲೇ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಫೆಬ್ರವರಿಯಲ್ಲಿ ಒಂದು ದಿನ ಅವಳಾಗಿಯೇ ಬಂದು, “ಅಮ್ಮ, ನಿಮ್ಮ ಪಾಡ್‌ಕಾಸ್ಟ್‌ನ ನಾನು ಎಡಿಟ್ ಮಾಡ್ಲಾ? ಗ್ಲೆನ್ ಅಂಕಲ್ ಈಸ್ ಸೋ ಬ್ಯಾಡ್ ಅಟ್ ಇಟ್” ಎಂದಳು. ನನಗೆ ಹೆಮ್ಮೆಯೋ ಹೆಮ್ಮೆ. ನನ್ನ ಗಂಡ ಶ್ರೀಧರನಿಗೆ, “ನೋಡಿ, ನನ್ನ ಕೆಲಸ ಅಂದ್ರೆ ಅವಳಿಗೆ ಎಷ್ಟು ಆಸಕ್ತಿ” ಎಂದೆ. ಅವನು ಯಾವುದಕ್ಕೂ ಭವಿಷ್ಯ ಹೇಳದ ಮನುಷ್ಯ. “ಹೂಂ” ಎಂದ.

ಈಸ್ಟರ್ ಬಂತು, ಹೋಯಿತು. ಇಂಚರ ಆಟ ಬಿಡಲಿಲ್ಲ. ವಾರಕ್ಕೆ ಮೂರು ಬೆಳಿಗ್ಗೆ ಪಾರ್ಕ್‌ಲ್ಯಾಂಡ್ಸಿನ ನಮ್ಮ ಫ್ಲಾಟಿನಿಂದ ಚೀಲ ಹೊತ್ತು ಹೊರಡುತ್ತಿದ್ದಳು. ಪಂದ್ಯಗಳಲ್ಲಿ ಹೆಚ್ಚಿನಂಶ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಬಂದ ಮೇಲೆ ಹೇಗಾಯಿತೆಂದು ಕೇಳಿದರೆ ‘ಫೈನ್’. ಊಟ ಮಾಡುವಾಗ ‘ಫೈನ್’. ಹೆಬ್ಬೆರಳು ಉಳುಕಿ ಬಾತಾಗಲೂ ‘ಫೈನ್’. ಕೊನೆಗೂ ಇವಳಿಗೆ ಒಂದರಲ್ಲಿ ನೆಲೆ ನಿಂತಿತು ಎಂದು ನಾನು ಊರಿಗೆಲ್ಲ ಫೋನು ಮಾಡಿ ಹೇಳಿದೆ.

ನವೆಂಬರ್ ಬಂತು. ವಿಮರ್ಶೆಗೆ ಒಂದು ವಾರವಿತ್ತು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇಂಚರ ನಮ್ಮ ಮೂವರ ತುಣುಕುಗಳನ್ನು ಕತ್ತರಿಸಿ ಜೋಡಿಸುತ್ತಿದ್ದಳು. ನಾನು ಎದುರಿಗೆ ಕೂತು ಬೀನ್ಸ್ ಹೆಚ್ಚುತ್ತಿದ್ದೆ. ನನ್ನದೇ ದನಿ ಮೇಜಿನಿಂದ ಬರುತ್ತಿತ್ತು. ಐಸ್ ಹಾಕಿಯಲ್ಲಿ ನಾನು ಖಡಾಖಂಡಿತವಾಗಿ ಗೆಲ್ಲುತ್ತದೆ ಎಂದ ತಂಡ ಮೊದಲ ಸುತ್ತಿಗೇ ಮನೆ ಸೇರಿತ್ತು. ನಕ್ಕೆ. ಬೇಸ್‌ಬಾಲಿನದ್ದು ಇನ್ನೂ ಅಧ್ವಾನ. ಅದಕ್ಕೂ ನಕ್ಕೆ. ಆಮೇಲೆ ಬಂತು: ‘ಒಂದು ಬೋನಸ್ ಭವಿಷ್ಯ ಕೇಳಿ...’

ಚಾಕು ನಿಂತಿತು. ಅದರ ಹಿಂದೆಯೇ ಇಬ್ಬರು ಗಂಡಸರ ನಗು, ಗ್ಲೆನ್‌ನ ಕೆಮ್ಮು. ಖಾಲಿ ಮನೆಯಲ್ಲಿ ಆ ನಗು ಬಹಳ ಉದ್ದವಾಗಿ ಕೇಳಿಸಿತು.

“ಅದು ಬೇಡ, ತೆಗೆದುಬಿಡು ಪುಟ್ಟಾ” ಎಂದೆ. “ಅದು ಆಟದ್ದಲ್ಲ.”

“ಇಟ್ ಈಸ್ ಬ್ಯಾಸ್ಕೆಟ್‌ಬಾಲ್” ಎಂದಳು. “ಗಡುವೂ ಇದೆ. ನಿಮ್ಮ ರೂಲ್ ಅಲ್ವಾ, ಏನನ್ನೂ ಬಿಡಬಾರ್ದು ಅಂತ.”

“ಇದು ನಿನಗೆ ಯಾವಾಗ ಗೊತ್ತಾಯ್ತು?”

“ಜನವರಿ. ಮುತುವಾ ಕೇಳಿಸಿದ್ರು.”

ಮುತುವಾ ನಮ್ಮ ಕಟ್ಟಡದ ಗೇಟಿನ ಕಾವಲಿನವರು. ನಮ್ಮ ಕಾರ್ಯಕ್ರಮಕ್ಕೆ ಇದ್ದ ಕೇಳುಗರು ಬೆರಳೆಣಿಕೆಯವರು, ಅವರಲ್ಲಿ ಅತ್ಯಂತ ನಿಷ್ಠಾವಂತರು ಇವರೇ. ನನ್ನನ್ನು ಇಲ್ಲಿಯ ಪದ್ಧತಿಯಂತೆ ಮಗಳ ಹೆಸರಿನಿಂದ ‘ಮಾಮಾ ಇಂಚಿ’, ಅಂದರೆ ಇಂಚಿಯ ಅಮ್ಮ, ಎಂದು ಕರೆಯುತ್ತಾರೆ. ನನ್ನ ಮಾತು ಕೇಳಿ ಅವರು ಹೆಮ್ಮೆಯಿಂದ, ನಿನ್ನಮ್ಮ ನಿನ್ನ ಹೆಸರು ಹೇಳಿದ್ದಾರೆ ನೋಡು ಎಂದು, ಫೋನನ್ನು ಅವಳ ಕಿವಿಗೆ ಹಿಡಿದಿದ್ದರಂತೆ. ಅಂದಿನಿಂದ ದಿನಾ ಬೆಳಿಗ್ಗೆ ಗೇಟು ತೆಗೆಯುವಾಗ ಪ್ರೀತಿಯಿಂದಲೇ ಕೇಳುತ್ತಿದ್ದರಂತೆ: ‘ಇಂಚಿ, ಇನ್ನೂ ಆಡ್ತಿದೀಯಾ?’ ಓಟಿಯೆನೊನ ಮಗಳು ಇವಳ ತಂಡದಲ್ಲೇ ಇದ್ದಳು. ಅಲ್ಲಿಯೂ ಅದೇ ಪ್ರಶ್ನೆ. ನಮ್ಮ ಕೇಳುಗರು ಎಷ್ಟೇ ಕಡಿಮೆಯಿರಲಿ, ಅವರಲ್ಲಿ ಬಹುಪಾಲು ಜನ ನನ್ನ ಮಗಳ ಗುರುತಿನವರಾಗಿದ್ದರು.

“ಆದ್ರೂ ನೀನು ಬಿಡ್ಲಿಲ್ವಲ್ಲ” ಎಂದೆ. ದನಿಯಲ್ಲಿ ಸ್ವಲ್ಪ ಉಲ್ಲಾಸ ತರಲು ನೋಡಿದೆ. “ನನ್ನ ಸುಳ್ಳು ಮಾಡಿದೆ ನೋಡು.”

ಅವಳು ಲ್ಯಾಪ್‌ಟಾಪಿನ ಮುಚ್ಚಳ ಅರ್ಧ ಇಳಿಸಿದಳು. “ಅಮ್ಮ, ಐ ಹೇಟ್ ಇಟ್. ಫೆಬ್ರವರಿಯಲ್ಲೇ ಬಿಡ್ಬೇಕು ಅಂತಿದ್ದೆ. ಐ ಆಮ್ ನಾಟ್ ಈವನ್ ಗುಡ್. ಬಟ್ ಹೇಗೆ ಬಿಡ್ಲಿ? ಬಿಟ್ರೆ ಎಲ್ರೂ ನಿನ್ನಮ್ಮ ಹೇಳಿದ್ದು ಕರೆಕ್ಟ್ ಅಂತಾರೆ.”

ಹೆಚ್ಚಿದ್ದ ಬೀನ್ಸನ್ನೇ ಮತ್ತೊಮ್ಮೆ ಹೆಚ್ಚಿದೆ.

“ಮತ್ತೆ ಎಡಿಟಿಂಗ್?” ಎಂದೆ. “ಅದನ್ನ ಯಾಕೆ ಕೇಳಿ ತಗೊಂಡೆ?”

“ಇನ್ನೊಂದ್ಸಲ ನನ್ನ ಬಗ್ಗೆ ಹೇಳಿದ್ರೆ ಕಟ್ ಮಾಡೋಕೆ. ಎರಡು ಸಲ ಮಾಡಿದೀನಿ.”

ಬೀನ್ಸ್ ಹಾಗೇ ಬಿಟ್ಟು ಬಾಲ್ಕನಿಗೆ ಹೋಗಿ ನಿಂತೆ. ಕೆಳಗೆ ರಸ್ತೆಯ ಮೇಲೆ ಜಕರಂಡದ ನೇರಳೆ ಹೂಗಳು ಮಟಾಟು ವ್ಯಾನುಗಳ ಚಕ್ರಕ್ಕೆ ಸಿಕ್ಕಿ ಅಂಟಿಕೊಂಡಿದ್ದವು. ಹತ್ತು ತಿಂಗಳು. ವಾರಕ್ಕೆ ಮೂರು ಬೆಳಿಗ್ಗೆ. ಉಳುಕಿದ ಹೆಬ್ಬೆರಳು. ಇದ್ದಕ್ಕಿದ್ದಂತೆ ಸ್ಕೂಟರಿನಿಂದ ಇಳಿದು ನಿಂತ ಅಪ್ಪನ ಮುಖ ಕಣ್ಣಿಗೆ ಬಂತು. ಅಷ್ಟು ವರ್ಷ ಆ ಕಥೆಯನ್ನು ನಾನು ಅತ್ತೆಯ ಕಥೆಯೆಂದೇ ಹೇಳಿಕೊಂಡು ನಗಿಸಿದ್ದೆ. ಅದು ಅಪ್ಪನ ಕಥೆ ಎಂದು ನನಗೆ ಹೊಳೆದದ್ದು ಅಲ್ಲಿ ನಿಂತಾಗ.

ಒಳಗೆ ಬಂದು, “ಆ ತುಣುಕು ಇರಲಿ. ತೆಗೀಬೇಡ” ಎಂದೆ.

“ಶೂರ್?”

“ಶೂರ್.”

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ನಾವು ಸ್ಟೋರ್ ರೂಮಿನಲ್ಲಿ ಸೇರಿದೆವು. ಇಂಚರ ತುಣುಕುಗಳನ್ನು ಕೇಳಿಸಲು ಒಂದು ಪೆಟ್ಟಿಗೆಯ ಮೇಲೆ ಕೂತಿದ್ದಳು. ಫುಟ್‌ಬಾಲಿನಲ್ಲಿ ಗ್ಲೆನ್ ಮೆರೆದ. ಬೇಸ್‌ಬಾಲಿನಲ್ಲಿ ಅವನು ಪ್ರಾಣವಿಟ್ಟಿದ್ದ ಅವನ ಊರಿನ ತಂಡ ಹೀನಾಯವಾಗಿ ಸೋತಿತ್ತು; ಅದೇ ಗೆಲ್ಲುತ್ತದೆ ಎಂದದ್ದನ್ನು ಅವನದೇ ದನಿಯಲ್ಲಿ ಕೇಳಿಸಿದಾಗ ಆ ದೊಡ್ಡ ಮನುಷ್ಯ ಟೋಪಿ ತೆಗೆದು ಮುಖ ಮುಚ್ಚಿಕೊಂಡ. “ನನ್ನದು ಪ್ರೀತಿ, ಭವಿಷ್ಯ ಅಲ್ಲ” ಎಂದ. “ಪ್ರೀತಿಗೂ ಸೊನ್ನೆಯೇ” ಎಂದು ಓಟಿಯೆನೊ ಗುರುತು ಹಾಕಿದ. ಐಸ್ ಹಾಕಿಯಲ್ಲಿ ಮೂವರೂ ಸಮಾನವಾಗಿ ಮುಳುಗಿದೆವು. ಕೊನೆಗೆ ಬ್ಯಾಸ್ಕೆಟ್‌ಬಾಲ್. ಅದರ ಕೊನೆಗೆ ನನ್ನ ಬೋನಸ್.

ಇಂಚರ ನನ್ನತ್ತ ನೋಡದೆ ಗುಂಡಿ ಒತ್ತಿದಳು. ನಗು, ಕೆಮ್ಮು, ಎಲ್ಲ ಮುಗಿಯಿತು.

“ತಪ್ಪು!” ಎಂದು ಗ್ಲೆನ್ ಮೇಜು ಗುದ್ದಿದ. “ಹುಡುಗಿ ಇನ್ನೂ ಆಡ್ತಿದಾಳೆ! ಈ ವರ್ಷದ ಮಹಾ ತಪ್ಪು!”

“ಒಂದು ನಿಮಿಷ” ಎಂದು ಓಟಿಯೆನೊ ಕೈ ಎತ್ತಿದ. ಅವನು ಯಾವಾಗಲೂ ನ್ಯಾಯವಂತ. “ವೀಜೇ ಹಾಗೆ ಹೇಳಿದ್ದಕ್ಕೇ ಇಂಚಿ ಛಲ ಹಿಡಿದು ನಿಂತಿರಬಹುದಲ್ಲ? ಅರ್ಧ ಅಂಕ ಕೊಡೋಣ. ಅಮ್ಮಂದಿರಿಗೆ ಇದೊಂದು ಉಪಾಯ.”

ಅಷ್ಟು ಕಾಲದ ಮೇಲೆ, ಅಷ್ಟು ದೂರದ ಊರಿನಲ್ಲಿ, ನಮ್ಮತ್ತೆಯನ್ನು ಕಂಡರಿಯದ ಒಬ್ಬ ಮನುಷ್ಯ ಅವರ ಮಾತನ್ನೇ ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದಿದ್ದ. ಅರ್ಧ ಅಂಕ ಸಿಕ್ಕರೆ ಆ ವರ್ಷವೂ ನಾನೇ ಮೊದಲು. ಇಂಚರ ಪರದೆಯನ್ನೇ ನೋಡುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು.

“ಬೇಡ. ಸೊನ್ನೆ” ಎಂದೆ. “ಉತ್ತರ ತಪ್ಪು ಅಂತ ಅಲ್ಲ. ಆ ಮಾತೇ ತಪ್ಪು. ಅಂಗಳಕ್ಕಿಳಿದು ಆಡೋರ ಬಗ್ಗೆ ಈ ಮೈಕಿನಲ್ಲಿ ಏನು ಬೇಕಾದ್ರೂ ಅನ್ನಬಹುದು. ನನ್ನ ಮಗಳು ನಮ್ಮ ಕಾರ್ಯಕ್ರಮದ ಆಟಗಾರ್ತಿ ಅಲ್ಲ. ಅವಳನ್ನ ಕೇಳದೆ ನಾನು ನಗಿಸೋಕೆ ಅವಳ ಹೆಸರು ತಗೊಂಡೆ. ಸಾರಿ, ಇಂಚರ.”

ಓಟಿಯೆನೊ ಕಾಗದದ ಮೇಲೆ ಸೊನ್ನೆ ಬರೆದು, ಅದನ್ನು ಯಾಕೋ ಎರಡು ಸಲ ತೀಡಿದ. ಫೆಬ್ರವರಿಯ ಸಂಗತಿಯನ್ನು ನಾನು ಹೇಳಲಿಲ್ಲ. ಅದು ಹೇಳುವುದಿದ್ದರೆ ಅವಳೇ ಹೇಳಬೇಕು. ಆ ವರ್ಷ ಅಂಕದಲ್ಲಿ ಮೂವರೂ ಸಮ, ಆದರೆ ಆ ಸೊನ್ನೆಗಾಗಿ ಕೊನೆಯ ಸ್ಥಾನವನ್ನು ನಾನೇ ಒಪ್ಪಿಕೊಂಡೆ. ಸೋಮವಾರ ಮಂದಾಜಿ ನನ್ನ ತಲೆಗೆ ಬಿತ್ತು. ಎಲ್ಲರೂ ಎರಡೆರಡು ತಿಂದರು.

ಮನೆಗೆ ಹೊರಟಾಗ ಟ್ಯಾಕ್ಸಿಯಲ್ಲಿ ಇಂಚರ ಕಿಟಕಿಯಿಂದ ನನ್ನ ಕಡೆ ತಿರುಗಿದಳು. “ಸೋ, ನಾನು ಈಗ ಬಿಡಬಹುದಾ?” ಎಂದಳು.

“ನಿನ್ನಿಷ್ಟ.”

“ನಾನು ಏನು ಮಾಡ್ತೀನಿ ಅಂತ ನಿಮಗೆ ಅನ್ಸತ್ತೆ?”

ಪರೀಕ್ಷೆ ಎಂದು ಗೊತ್ತಾಯಿತು. ನಾಲಿಗೆ ತುದಿಗೆ ಉತ್ತರ ಬಂದು ಕುಣಿಯುತ್ತಿತ್ತು. “ನನಗೆ ಗೊತ್ತು. ಆದ್ರೆ ಹೇಳಲ್ಲ” ಎಂದೆ.

ಅವಳು ನಕ್ಕಳು. ಡ್ರೈವರ್ ಕೂಡ ಏನೆಂದು ತಿಳಿಯದೆ ಕನ್ನಡಿಯಲ್ಲಿ ನಕ್ಕ.

ಗೇಟಿನಲ್ಲಿ ಮುತುವಾ ಎಂದಿನಂತೆ ಕೇಳಿದರು, “ಇಂಚಿ, ಇನ್ನೂ ಆಡ್ತಿದೀಯಾ?” ಇಂಚರ ನಿಂತು, ಬೆನ್ನು ನೆಟ್ಟಗೆ ಮಾಡಿ, “ಇಲ್ಲ, ಇವತ್ತು ಬಿಟ್ಟೆ” ಎಂದಳು. ಮುತುವಾ ಒಂದು ಕ್ಷಣ ಯೋಚಿಸಿ, “ಸವಾ” ಎಂದರು. ಆಗಲಿ ಎಂದರ್ಥ. ಅಷ್ಟೇ. ಹತ್ತು ತಿಂಗಳು ಅವಳು ಹೆದರಿದ್ದ ಘಳಿಗೆ ಗೇಟು ಮುಚ್ಚುವಷ್ಟರಲ್ಲಿ ಮುಗಿದುಹೋಯಿತು.

ಅಂದಹಾಗೆ, ಟ್ಯಾಕ್ಸಿಯಲ್ಲಿ ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದು, ಇಷ್ಟು ಹಟ ಮಾಡಿದವಳು ಇನ್ನು ಬಿಡಲಾರಳು ಎಂದು. ಅದೂ ತಪ್ಪಾಯಿತು. ಆದರೆ ಅದಕ್ಕೆ ದಾಖಲೆಯಿಲ್ಲ, ಆದ್ದರಿಂದ ಲೆಕ್ಕಕ್ಕೂ ಇಲ್ಲ. ಆಟದ ಚೀಲ ಅಟ್ಟ ಸೇರಿತು. ಎಡಿಟಿಂಗನ್ನು ಮಾತ್ರ ಅವಳು ಬಿಡಲಿಲ್ಲ. ನಾನು ಕೇಳಿದ್ದಕ್ಕೆ, “ದಟ್ ಐ ಆಕ್ಚುಲಿ ಲೈಕ್” ಎಂದಳು. ಫೆಬ್ರವರಿಯಿಂದ ನಮ್ಮ ಮೂವರ ದನಿ ಕೇಳಿ ಕೇಳಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಮೌನ ಬಿಡಬೇಕು ಎನ್ನುವುದು ನಮಗಿಂತ ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು. ಇದನ್ನು ಗಮನಿಸಿದ್ದು ನಾನಲ್ಲ, ಅವಳ ಕೋಚ್. ಆ ಮಹಾತಾಯಿ ಬಿಟ್ಟುಹೋದ ಹುಡುಗಿಯ ಮೇಲೆ ಮುನಿಸಿಕೊಳ್ಳುವ ಬದಲು, ಬೆಂಚಿನ ಮೇಲೆ ಕೂತಾಗ ಇಂಚರ ಪಕ್ಕದವರಿಗೆ ಆಟವನ್ನು ವಿವರಿಸುತ್ತಿದ್ದುದನ್ನು ನೆನಪಿಟ್ಟುಕೊಂಡಿದ್ದರು. ಜನವರಿಯ ಅಂತರಶಾಲಾ ಪಂದ್ಯಕ್ಕೆ ಕಾಮೆಂಟರಿ ಹೇಳುತ್ತೀಯಾ ಎಂದು ಕೇಳಿದರು.

ನಾನೂ ಶ್ರೀಧರನೂ ಹೋಗಿ ಮೆಟ್ಟಿಲಿನ ಮೇಲೆ ಕೂತೆವು. ಜನವರಿಯ ಬಿಸಿಲು ಸಿಮೆಂಟಿನಿಂದ ಮೇಲೇಳುತ್ತಿತ್ತು. ಇಂಚರ ಅಂಕಣದ ಪಕ್ಕದ ಮೇಜಿನ ಹಿಂದೆ ಮೈಕು ಹಿಡಿದಿದ್ದಳು. ಆಟ ಬಿರುಸಾಗಿತ್ತು. ಅವಳ ಹಳೆಯ ತಂಡ ಎರಡು ಅಂಕ ಹಿಂದಿತ್ತು. ಒಂಬತ್ತನೇ ನಂಬರಿನ ಹುಡುಗಿ, ಅವಳೇ ಓಟಿಯೆನೊನ ಮಗಳು, ಬಹಳ ದೂರದಿಂದ ಚೆಂಡು ಎಸೆದಳು.

“ಇಷ್ಟು ದೂರದಿಂದ? ಇದು ಹೋಗಲ್ಲ, ಸಾಧ್ಯವೇ ಇಲ್ಲ!” ಎಂದು ಮೈಕಿನಲ್ಲಿ ನನ್ನ ಮಗಳ ಇಂಗ್ಲಿಷ್ ಅಂಗಳದ ತುಂಬ ಮೊಳಗಿತು. ಅದು ಅಪ್ಪಟ ನಮ್ಮ ಮನೆತನದ ದನಿ.

ಚೆಂಡು ಬಳೆಯನ್ನೂ ಮುಟ್ಟದೆ ಬಲೆಯೊಳಗೆ ಇಳಿಯಿತು.

“ಹೋಯ್ತು. ನಾನು ಹೇಳಿದ್ದು ತಪ್ಪು” ಎಂದಳು ಇಂಚರ. ಅರ್ಧ ಉಸಿರಿನಷ್ಟು ತಡ, ಅಷ್ಟೇ. ಜನ ಗೊಳ್ಳೆಂದು ನಕ್ಕರು, ಅವಳೂ ನಕ್ಕಳು. ಒಂಬತ್ತನೇ ನಂಬರಿನವಳು ಮೇಜಿನ ಕಡೆ ಮುಷ್ಟಿ ಎತ್ತಿ ತೋರಿಸಿ ಓಡಿದಳು. ಇಂಚರ ಆಗಲೇ ಮುಂದಿನ ಭವಿಷ್ಯಕ್ಕೆ ದಾಟಿದ್ದಳು, ಮೊದಲಿಗಿಂತ ಗಟ್ಟಿಯಾಗಿ.

ಶ್ರೀಧರ ನನ್ನ ಕಡೆ ವಾಲಿ, “ಯಾರು ಗೆಲ್ತಾರೆ ಅಂತೀಯಾ?” ಎಂದ.

“ಸುಮ್ನಿರಿ” ಎಂದೆ. “ಅವಳು ಹೇಳ್ತಿದಾಳೆ, ಕೇಳೋಣ.”